ಅಪ್ಪನ ಜೊತೆ ದುಬೈಗೆ ಮ್ಯಾಚ್ ನೋಡೋಕೆ ಹೋಗ್ತಿದ್ದೇನೆ, ಅಲ್ಲಿನ ಕಾನೂನು ಗೊತ್ತಿರೋರು ದಯವಿಟ್ಟು ಹೇಳಿ

ಪುತ್ತೂರಿನ ಮಗ · ಸೆಪ್ಟೆಂಬರ್ 3, 2025

ಎಲ್ಲರಿಗೂ ನಮಸ್ಕಾರ. ಏಷ್ಯಾ ಕಪ್‌ನ ಭಾರತ–ಪಾಕಿಸ್ತಾನ ಪಂದ್ಯಕ್ಕೆ, ಅಂದ್ರೆ ಸೆಪ್ಟೆಂಬರ್ 14ಕ್ಕೆ, ಎರಡು ಟಿಕೆಟ್ ಸಿಕ್ಕಿದೆ. ಅಪ್ಪ ಮತ್ತು ನಾನು ಮಂಗಳೂರಿನಿಂದ ದುಬೈಗೆ ಹೋಗುತ್ತಿದ್ದೇವೆ. ಅಪ್ಪನಿಗೆ 68 ವರ್ಷ. ರೇಡಿಯೋ ಕಾಮೆಂಟರಿ ಕೇಳಿಕೊಂಡು ತೋಟದ ಕೆಲಸ ಮಾಡಿದವರು. ಇವತ್ತಿನವರೆಗೂ ಒಂದು ಸ್ಟೇಡಿಯಂ ಒಳಗೆ ಕಾಲಿಟ್ಟಿಲ್ಲ. ವಿಮಾನ ಹತ್ತುವುದೂ ಇದೇ ಮೊದಲು.

ಟಿಕೆಟ್ ಬುಕ್ ಮಾಡಿಕೊಟ್ಟ ಏಜೆಂಟ್‌ಗೆ ಅಲ್ಲಿನ ನಿಯಮ ಏನು ಅಂತ ಕೇಳಿದೆ. "ಪಾಸ್‌ಪೋರ್ಟ್, ವೀಸಾ ಇದ್ರೆ ಸಾಕು, ಮತ್ತೇನೂ ಇಲ್ಲ" ಅಂದರು. ಆದರೆ ನಿನ್ನೆ ಮನೆಯಲ್ಲಿ ಬ್ಯಾಗ್ ಮುಂದೆ ಕೂತಾಗ ನನಗೆ ಸ್ವಲ್ಪ ಭಯ ಆಯಿತು. ಅಪ್ಪ ಎಲೆ ಅಡಿಕೆ ಸಂಚಿ ಇಟ್ಟಿದ್ದಾರೆ. ಅಮ್ಮ ಅಲ್ಲಿರೋ ಚಿಕ್ಕಮ್ಮನಿಗೆ ಅಂತ ಮನೆಯಲ್ಲೇ ಕುಟ್ಟಿದ ಮಸಾಲೆ ಪುಡಿ, ಪಾಯಸಕ್ಕೆ ಒಂದು ಪೊಟ್ಟಣ ಗಸಗಸೆ ಕಟ್ಟಿಕೊಟ್ಟಿದ್ದಾರೆ. ಅಪ್ಪನ ಮಾತ್ರೆಗಳಿವೆ: ಶುಗರ್‌ಗೆ, ಬಿಪಿಗೆ, ರಾತ್ರಿ ಕಾಲುರಿಗೆ. ಉದ್ದ ಕೋಲಿನ ಒಂದು ಬಾವುಟ ಬೇರೆ.

ಇದರಲ್ಲಿ ಏನು ತರಬಹುದು, ಏನು ಬಿಡಬೇಕು? ಸ್ಟೇಡಿಯಂನಲ್ಲಿ ಏನೇನು ನೋಡಿಕೊಳ್ಳಬೇಕು? ಈ ವಯಸ್ಸಿನಲ್ಲಿ ಅಪ್ಪನನ್ನು ಯಾವುದೋ ಕೌಂಟರ್ ಮುಂದೆ ನಿಲ್ಲಿಸೋ ಹಾಗೆ ಆಗಬಾರದು. ಅಷ್ಟೇ ನನ್ನ ಚಿಂತೆ.

---

ಕರಾಮ ವಾಸಿ · ಸೆಪ್ಟೆಂಬರ್ 3

ಮೊದಲು ಗಸಗಸೆ ತೆಗೆದು ಅಮ್ಮನ ಕೈಗೆ ವಾಪಸ್ ಕೊಡಿ. ಈಗಲೇ. ಆಮೇಲೆ ಉಳಿದದ್ದು ಮಾತಾಡೋಣ.

ನಮ್ಮಲ್ಲಿ ಗಸಗಸೆ ಅಂದ್ರೆ ಪಾಯಸ, ಕುರ್ಮಾ, ಅನಾರಸ. ಯುಎಇ, ಅಂದ್ರೆ ದುಬೈ, ಶಾರ್ಜಾ ಎರಡೂ ಇರುವ ಈ ದೇಶದ ಕಾನೂನಿನಲ್ಲಿ ಅದು ಮಾದಕ ವಸ್ತುಗಳ ಲೆಕ್ಕಕ್ಕೆ ಬರುತ್ತದೆ. ಅಫೀಮಿನ ಗಿಡದ ಬೀಜ ಅದು, ಹಾಗಾಗಿ. ಒಂದು ಕಿಲೋ ಇರಲಿ, ಒಂದು ಚಮಚ ಇರಲಿ, ತರುವ ಹಾಗಿಲ್ಲ. ಸೌದಿ, ಸಿಂಗಪುರದಲ್ಲೂ ಇದೇ ನಿಯಮ. "ಅಡುಗೆಗೆ ತಂದದ್ದು" ಅಂತ ವಿವರಿಸಿ ಪಾರಾಗಬಹುದು ಅನ್ನೋ ಲೆಕ್ಕ ಬೇಡ.

ಮಸಾಲೆ ಪುಡಿಯ ವಿಷಯ ಇನ್ನೂ ಸೂಕ್ಷ್ಮ. ಅದರಲ್ಲಿ ಗಸಗಸೆ ಹುರಿದು ಹಾಕಿದ್ದಾರಾ ಅಂತ ಅಮ್ಮನನ್ನು ಕೇಳಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಾಕುತ್ತಾರೆ. ಹಾಕಿದ್ದರೆ ಅದೂ ಬೇಡ. ಹಾಕಿಲ್ಲದಿದ್ದರೂ ಮನೆಯಲ್ಲಿ ಮಾಡಿದ ತಿನಿಸುಗಳು ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿವೆ. ಚಕ್ಕುಲಿ, ಕೋಡುಬಳೆ ತಂದವರು ಬೇಕಾದಷ್ಟು ಜನ ಇದ್ದಾರೆ, ನಿಜ. ಆದರೆ ನೀವು ಮ್ಯಾಚ್‌ಗೆ ಬರುತ್ತಿದ್ದೀರಿ, ಸುಮ್ನೆ ಯಾಕೆ ರಿಸ್ಕ್. ಚಿಕ್ಕಮ್ಮನಿಗೆ ಇಲ್ಲಿ ದುಬೈಯ ಕರಾಮ ಬಡಾವಣೆಯ ಅಂಗಡಿಗಳಲ್ಲಿ ಎಂಟಿಆರ್ ಪುಡಿಯಿಂದ ಹಿಡಿದು ಕುಚ್ಚಲಕ್ಕಿವರೆಗೂ ಸಿಗುತ್ತದೆ.

ಎಲೆ ಅಡಿಕೆ ಸಂಚಿಯೂ ಬೇಡ. ವೀಳ್ಯದೆಲೆ, ಪಾನ್ ಸಾಮಗ್ರಿ ಅದೇ ಪಟ್ಟಿಯಲ್ಲಿವೆ. ರಸ್ತೆಯಲ್ಲಿ ಉಗುಳಿದರೆ ದಂಡ ಬೇರೆ. ಅಪ್ಪನಿಗೆ ಕಷ್ಟ ಆಗುತ್ತದೆ, ಅರ್ಥ ಆಗುತ್ತದೆ. ನಮ್ಮ ಮಾವ ಬಂದಾಗ ಸೋಂಪು, ಲವಂಗ ಕೊಟ್ಟು ಎಂಟು ದಿನ ಕಳೆದೆವು.

---

ಔಷಧಿ ಅಂಗಡಿ · ಸೆಪ್ಟೆಂಬರ್ 3

"ರಾತ್ರಿ ಕಾಲುರಿಗೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಇದನ್ನು ಬರೆಯುತ್ತಿದ್ದೇನೆ. ಆ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಪ್ರಿಗ್ಯಾಬಲಿನ್ ಅಂತ ಇದೆಯಾ? ಶುಗರ್ ಇರೋ ಹಿರಿಯರಿಗೆ ಕಾಲು ಉರಿ, ಜುಮ್ಮೆನ್ನುವುದಕ್ಕೆ ಇದನ್ನು ತುಂಬಾ ಸಾಮಾನ್ಯವಾಗಿ ಬರೆದುಕೊಡುತ್ತಾರೆ. ಯುಎಇಯಲ್ಲಿ ಅದು ನಿಯಂತ್ರಿತ ಔಷಧಿ. ಹಾಗೆಯೇ ಟ್ರಮಡಾಲ್ ಇರುವ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆ ಕೊಡುವ ಆಲ್ಪ್ರಜೋಲಮ್, ಕ್ಲೋನಜೆಪಾಮ್ ಇವೂ ಅಷ್ಟೇ.

ತರಲೇಬಾರದು ಅಂತಲ್ಲ. ಯುಎಇ ಸರ್ಕಾರದ ಆನ್‌ಲೈನ್ ಸೇವೆಯಲ್ಲಿ ಹೊರಡುವ ಮುಂಚೆಯೇ ಅನುಮತಿ ಕೇಳಬೇಕು. ವೈದ್ಯರ ಚೀಟಿ, ಪಾಸ್‌ಪೋರ್ಟ್ ಪ್ರತಿ ಹಾಕಬೇಕು. ಶುಲ್ಕ ಇಲ್ಲ. ಅನುಮತಿ ಪತ್ರ ಬಂದ ಮೇಲೆ ಪ್ರಿಂಟ್ ತೆಗೆದು ಮಾತ್ರೆಯ ಜೊತೆಗೇ ಇಡಿ. ಇರೋ ದಿನಗಳಿಗೆ ಬೇಕಾದಷ್ಟೇ ತನ್ನಿ.

ಇನ್ನೊಂದು ಅಭ್ಯಾಸ ನಮ್ಮ ಹಿರಿಯರದ್ದು. ಎಲ್ಲ ಮಾತ್ರೆ ಬಿಡಿಸಿ ಒಂದು ಡಬ್ಬಿಗೆ ಹಾಕಿಕೊಳ್ಳುವುದು: ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಮನೆಯಲ್ಲಿ ಅದು ಒಳ್ಳೆಯದೇ. ಪ್ರಯಾಣದಲ್ಲಿ ಬೇಡ. ಮೂಲ ಪಟ್ಟಿಯಲ್ಲೇ, ಹೆಸರು ಕಾಣುವ ಹಾಗೆ ಇರಲಿ. ಚೀಟಿಯಲ್ಲಿ ಅಪ್ಪನ ಹೆಸರು ಪಾಸ್‌ಪೋರ್ಟ್‌ನಲ್ಲಿರುವ ಹಾಗೇ ಬರೆದಿದೆಯಾ ಅಂತ ನೋಡಿ. ಕೈಬರಹ ಓದೋಕೆ ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ ಟೈಪ್ ಮಾಡಿಸಿ, ಸೀಲ್ ಹಾಕಿಸಿಕೊಳ್ಳಿ. ಶುಗರ್, ಬಿಪಿ ಮಾತ್ರೆಗೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ, ಚೀಟಿ ಜೊತೆಗಿದ್ದರೆ ಸಾಕು.

ಇನ್ನೂ ಹನ್ನೊಂದು ದಿನ ಇದೆ. ಇವತ್ತೇ ಶುರು ಮಾಡಿ.

---

ಪುತ್ತೂರಿನ ಮಗ · ಸೆಪ್ಟೆಂಬರ್ 3

ಈಗಷ್ಟೇ ನೋಡಿದೆ. ಪ್ರಿಗ್ಯಾಬಲಿನ್ 75 ಅಂತಲೇ ಇದೆ. ಮೂರು ವರ್ಷದಿಂದ ನಾನೇ ತಂದುಕೊಡುತ್ತಿದ್ದೇನೆ, ಒಂದು ದಿನವೂ ಈ ಯೋಚನೆ ಬಂದಿರಲಿಲ್ಲ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ನಾಳೆ ಬೆಳಗ್ಗೆ ಡಾಕ್ಟರ ಹತ್ತಿರ ಹೋಗುತ್ತೇನೆ.

---

ಗ್ಯಾಲರಿ ಮೂಲೆ · ಸೆಪ್ಟೆಂಬರ್ 4

ಸ್ಟೇಡಿಯಂ ಬಗ್ಗೆ ನಾನು ಹೇಳುತ್ತೇನೆ. ದುಬೈ, ಶಾರ್ಜಾ ಎರಡರಲ್ಲೂ ಪಂದ್ಯ ನೋಡಿದ್ದೇನೆ.

ಕ್ರೀಡಾಂಗಣದ ಭದ್ರತೆಗೆ ಅಂತಲೇ ಯುಎಇಯಲ್ಲಿ 2014ರ 8ನೇ ಕಾನೂನು ಇದೆ. ಅನುಮತಿ ಇಲ್ಲದೆ ಮೈದಾನಕ್ಕೆ ಇಳಿದರೆ, ಪಟಾಕಿಯಂಥ ನಿಷೇಧಿತ ವಸ್ತು ಒಳಗೆ ತಂದರೆ ಒಂದರಿಂದ ಮೂರು ತಿಂಗಳು ಜೈಲು, ಜೊತೆಗೆ 5,000 ದಿರ್ಹಮ್‌ನಿಂದ ಶುರುವಾಗುವ ದಂಡ. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ರೂಪಾಯಿ. ಏನಾದರೂ ಎಸೆದರೆ, ಕೆಟ್ಟದಾಗಿ ಬೈದರೆ, ಜನಾಂಗ ಹಿಡಿದು ಮಾತಾಡಿದರೆ 10,000ದಿಂದ 30,000 ದಿರ್ಹಮ್. ಅಂದ್ರೆ ಏಳು ಲಕ್ಷದವರೆಗೂ ಹೋಗುತ್ತದೆ. ಇಷ್ಟದ ಆಟಗಾರನ ಕಾಲಿಗೆ ಬೀಳೋಕೆ ಬೇಲಿ ಹಾರುವುದನ್ನು ನಮ್ಮಲ್ಲಿ ಅಭಿಮಾನ ಅಂತಾರೆ. ಅಲ್ಲಿ ಅದು ಕೇಸು.

ಒಳಗೆ ಬಿಡದ್ದು: ಸೆಲ್ಫಿ ಸ್ಟಿಕ್, ಟ್ರೈಪಾಡ್, ದೊಡ್ಡ ಛತ್ರಿ, ಲೇಸರ್ ಪಾಯಿಂಟರ್, ಗಾಜಿನ ಸಾಮಾನು, ಚೂಪಾದ ಯಾವುದೇ ವಸ್ತು, ರಿಮೋಟ್‌ನಲ್ಲಿ ಓಡಿಸುವ ಆಟಿಕೆ ಕೂಡ. ಆಯೋಜಕರು ಒಪ್ಪದ ಬ್ಯಾನರ್, ಬಾವುಟವೂ ಇಲ್ಲ. ನಿಮ್ಮ ಉದ್ದ ಕೋಲಿನ ಬಾವುಟ ಗೇಟಿನಲ್ಲೇ ಉಳಿಯುತ್ತದೆ. ನೀಲಿ ಜರ್ಸಿ ಹಾಕಿಕೊಂಡು ಬನ್ನಿ, ಅದೇ ಬಾವುಟ.

ಒಂದು ಟಿಕೆಟ್‌ಗೆ ಒಂದೇ ಸಲ ಪ್ರವೇಶ. ಊಟಕ್ಕೆ ಅಂತ ಹೊರಗೆ ಹೋದರೆ ಮತ್ತೆ ಒಳಗೆ ಬಿಡೋದಿಲ್ಲ. ಅಪ್ಪನಿಗೆ ಶುಗರ್ ಇದೆ ಅಂದ್ರಲ್ಲ, ಇದು ಮುಖ್ಯ. ಪಂದ್ಯ ಅಲ್ಲಿನ ಸಂಜೆ 6:30ಕ್ಕೆ. ಗೇಟ್ ಮೂರು ಗಂಟೆ ಮುಂಚೆ ತೆರೆಯುತ್ತದೆ. ಸೆಪ್ಟೆಂಬರ್ ಬಿಸಿಲಲ್ಲಿ ಹೊರಗಡೆ ಸಾಲಿನಲ್ಲಿ ನಿಲ್ಲುವುದಕ್ಕಿಂತ ಊಟ ಮುಗಿಸಿ ಬೇಗ ಒಳಗೆ ಹೋಗಿ ಕೂರುವುದು ವಾಸಿ.

ಒಂದು ವಿಷಯ ನನ್ನ ಮನಸ್ಸಿನಿಂದ ಹೋಗಿಲ್ಲ. 2022ರ ಸೆಪ್ಟೆಂಬರ್ 7, ಶಾರ್ಜಾ. ಪಾಕಿಸ್ತಾನ–ಅಫ್ಘಾನಿಸ್ತಾನ ಪಂದ್ಯ. ಕೊನೆ ಓವರ್‌ನಲ್ಲಿ ನಸೀಮ್ ಶಾ ಎರಡು ಸಿಕ್ಸರ್ ಹೊಡೆದು ಗೆಲ್ಲಿಸಿದರು. ಆಮೇಲೆ ಪ್ರೇಕ್ಷಕರಲ್ಲಿ ಜಗಳ ಶುರುವಾಯಿತು. ಪ್ಲಾಸ್ಟಿಕ್ ಕುರ್ಚಿಗಳನ್ನು ಕಿತ್ತು ಎಸೆದರು. ಪೊಲೀಸರು ಜನರನ್ನು ಹಿಡಿದುಕೊಂಡು ಹೋದರು. ಕೂಲಿಗೆ ಬಂದ ಹುಡುಗರು ಎಷ್ಟೋ ಮಂದಿ ಇಂಥ ಪಂದ್ಯಕ್ಕೆ ಒಂದು ದಿನದ ಸಂಬಳ ಬಿಟ್ಟು ಬಂದಿರುತ್ತಾರೆ. ಒಂದು ಕ್ಷಣದ ಸಿಟ್ಟಿಗೆ ವೀಸಾ, ಕೆಲಸ ಎಲ್ಲ ಕಳೆದುಕೊಳ್ಳುವ ಸ್ಥಿತಿ. ಅವರ ಮನೆಯವರನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ.

ಈ ವರ್ಷ ಭಾರತ–ಪಾಕ್ ನಡುವಿನ ವಾತಾವರಣ ಹೇಗಿದೆ ಅಂತ ಎಲ್ಲರಿಗೂ ಗೊತ್ತು. ಪಕ್ಕದ ಸೀಟಿನವರು ಏನಾದರೂ ಅಂದರೆ ಉತ್ತರ ಕೊಡಬೇಡಿ. ಅಲ್ಲೇ ಸಿಬ್ಬಂದಿ ಇರುತ್ತಾರೆ, ಅವರಿಗೆ ಹೇಳಿ.

---

ಹಾಸನದ ಹುಡುಗ · ಸೆಪ್ಟೆಂಬರ್ 4

ನಾವೂ ನಾಲ್ಕು ಜನ ಫ್ರೆಂಡ್ಸ್ ಹೋಗುತ್ತಿದ್ದೇವೆ. ರೂಮ್ ಶಾರ್ಜಾದಲ್ಲಿ ಮಾಡಿದ್ದೇವೆ, ದುಬೈಗಿಂತ ಕಡಿಮೆಗೆ ಸಿಕ್ಕಿತು. ಡ್ಯೂಟಿ ಫ್ರೀಯಲ್ಲಿ ಬಾಟಲಿ ತಗೊಂಡು ರೂಮಲ್ಲಿ ಕುಡಿದರೆ ತಪ್ಪೇನಿಲ್ಲ ಅಲ್ವಾ? ವಾಟ್ಸಾಪ್ ಕಾಲ್‌ಗೆ ವಿಪಿಎನ್ (ಯಾವ ದೇಶದಿಂದ ನೆಟ್ ಬಳಸ್ತಿದ್ದೇವೆ ಅಂತ ಮರೆಮಾಚುವ ಆ್ಯಪ್) ಹಾಕಿಕೊಳ್ಳಿ ಅಂತ ಒಬ್ಬರು ಹೇಳಿದರು, ಅದು ಸರಿನಾ?

---

ಶಾರ್ಜಾದ ಅಕ್ಕ · ಸೆಪ್ಟೆಂಬರ್ 4

ತಮ್ಮಾ, ಕೇಳಿದ್ದು ಒಳ್ಳೆಯದಾಯಿತು. ಶಾರ್ಜಾದಲ್ಲಿ ಮದ್ಯ ಪೂರ್ತಿ ನಿಷೇಧ. ಮಾರುವ ಹಾಗಿಲ್ಲ, ಕುಡಿಯುವ ಹಾಗಿಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ. ದುಬೈ ಏರ್‌ಪೋರ್ಟಿನ ಡ್ಯೂಟಿ ಫ್ರೀಯಲ್ಲಿ ವಯಸ್ಕರಿಗೆ ನಾಲ್ಕು ಲೀಟರ್ ತನಕ ಬಿಡುತ್ತಾರೆ. ಅದೇ ಬಾಟಲಿ ಟ್ಯಾಕ್ಸಿಯಲ್ಲಿ ಅರ್ಧ ಗಂಟೆ ದಾಟಿ ಶಾರ್ಜಾಕ್ಕೆ ಬಂದರೆ ಅಪರಾಧ. ಎರಡು ಊರು ಒಂದಕ್ಕೊಂದು ಅಂಟಿಕೊಂಡಿವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಹೊಸಬರಿಗೆ ಗೊತ್ತೇ ಆಗೋದಿಲ್ಲ. ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ, ಕರ್ನಾಟಕದಿಂದ ಬಂದ ಹುಡುಗರು ಎಡವುವುದು ಜಾಸ್ತಿ ಇಲ್ಲೇ.

ದುಬೈಯಲ್ಲೂ 21 ವರ್ಷ ತುಂಬಿರಬೇಕು. ಲೈಸೆನ್ಸ್ ಇರುವ ಹೋಟೆಲ್, ಬಾರ್ ಒಳಗೆ ಮಾತ್ರ. ಬೀಚ್, ಪಾರ್ಕ್, ಪಾರ್ಕಿಂಗ್ ಜಾಗ ಎಲ್ಲೂ ಇಲ್ಲ. ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದರೆ ಪೊಲೀಸರು ಬರುತ್ತಾರೆ. ಗಾಡಿ ಓಡಿಸುವವರಿಗೆ ಒಂದು ಹನಿಯೂ ಇಲ್ಲ. ಇಷ್ಟು ಪ್ರಮಾಣದವರೆಗೆ ಓಕೆ ಅನ್ನೋ ಲೆಕ್ಕ ಇಲ್ಲಿಲ್ಲ.

ಶಾರ್ಜಾದಲ್ಲಿ ಬಟ್ಟೆಯ ವಿಷಯದಲ್ಲೂ ನಿಯಮ ಬಿಗಿ. ಸೆಕೆ ಅಂತ ಅಂಗಿ ಬಿಚ್ಚಿ ಓಡಾಡಬೇಡಿ. ಗೆದ್ದ ಖುಷಿಗೂ ಬೇಡ.

ವಿಪಿಎನ್ ಬಗ್ಗೆ. ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕಾಲ್ ಹೋಗೋದಿಲ್ಲ. ನಾವೆಲ್ಲ ಊರಿಗೆ ಮಾತಾಡೋಕೆ ಬೋಟಿಮ್ ಅನ್ನೋ ಆ್ಯಪ್ ಬಳಸುತ್ತೇವೆ, ಅದು ಇಲ್ಲಿ ಕಾನೂನಿಗೆ ಒಪ್ಪಿಗೆ. ವಿಪಿಎನ್ ಮೂಲಕ ಅಪರಾಧ ಮಾಡಿದರೆ ಸೈಬರ್ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ ಇದೆ. ರೂಪಾಯಿ ಅಲ್ಲ, ದಿರ್ಹಮ್. ವಿಪಿಎನ್ ಹಾಕಿ ಬೆಟ್ಟಿಂಗ್ ಆ್ಯಪ್ ತೆರೆದರೆ ಸರಿಯಾಗಿ ಅದರೊಳಗೇ ಬೀಳುತ್ತೀರಿ. ಮ್ಯಾಚ್ ಮೇಲೆ ನೂರು ರೂಪಾಯಿ ಕಟ್ಟೋದೂ ಬೇಡ.

ನಿಮ್ಮ ನಾಲ್ವರಲ್ಲಿ 21 ಆಗದವರು ಇದ್ದಾರಾ? ಇದ್ದರೆ ಅವರಿಗೆ ಇದನ್ನು ಓದಿಸಿ.

---

ಹಾಸನದ ಹುಡುಗ · ಸೆಪ್ಟೆಂಬರ್ 4

ಒಬ್ಬನಿಗೆ 20. ಓದಿಸಿದೆ ಅಕ್ಕಾ. ಬಾಟಲಿ ಪ್ಲಾನ್ ಬಿಟ್ಟೆವು.

---

ಕರಾಮ ವಾಸಿ · ಸೆಪ್ಟೆಂಬರ್ 5

ನನಗೆ ಎಲ್ಲಕ್ಕಿಂತ ಚಿಂತೆ ಆಗೋದು ಫೋನ್ ಬಗ್ಗೆ. ಗಸಗಸೆ ಅಂದ್ರೆ ಒಂದು ಸಲ ಬ್ಯಾಗಿಂದ ತೆಗೆದರೆ ಮುಗಿಯಿತು. ಫೋನ್ ಹಾಗಲ್ಲ. ದಿನವಿಡೀ ಕೈಯಲ್ಲಿರುತ್ತದೆ.

2021ರ ಸೈಬರ್ ಅಪರಾಧ ಕಾನೂನಿನಲ್ಲಿ ಎರಡು ವಿಷಯ ನೆನಪಿಡಿ. ಒಂದು, ಆನ್‌ಲೈನ್‌ನಲ್ಲಿ ಯಾರನ್ನಾದರೂ ಬೈದರೆ ಜೈಲು, ಇಲ್ಲವೇ ಎರಡೂವರೆ ಲಕ್ಷದಿಂದ 5 ಲಕ್ಷ ದಿರ್ಹಮ್ ದಂಡ. ವಾಟ್ಸಾಪ್ ಗ್ರೂಪಿನಲ್ಲಿ ಬೈದದ್ದೂ ಇದಕ್ಕೆ ಸೇರುತ್ತದೆ. ನಮ್ಮ ಊರಿನ ಕ್ರಿಕೆಟ್ ಗ್ರೂಪುಗಳಲ್ಲಿ ಸೋತಾಗ ಯಾವ ಭಾಷೆ ಓಡುತ್ತದೆ ಅಂತ ನಮಗೆಲ್ಲ ಗೊತ್ತು. ಅಲ್ಲಿಂದ ಕೂತು ಬರೆಯುವಾಗ ಆ ಮಾತು ಬೇಡ. ಧರ್ಮ, ದೇಶ, ಬಣ್ಣ ಹಿಡಿದು ಬರೆದರೆ ಅದಕ್ಕೆ ಇನ್ನೊಂದು ಪ್ರತ್ಯೇಕ ಕಾನೂನೇ ಇದೆ, ಅದು ಇದಕ್ಕಿಂತ ಕಠಿಣ. ಕೈಬೆರಳಿನ ಕೆಟ್ಟ ಸನ್ನೆಯಿಂದಲೂ ಕೇಸಾಗಿ ಗಡೀಪಾರಾದವರಿದ್ದಾರೆ.

ಎರಡು, ಬೇರೆಯವರ ಫೋಟೋ. ಒಪ್ಪಿಗೆ ಇಲ್ಲದೆ ತೆಗೆದು ಹಾಕಿದರೆ ಆರು ತಿಂಗಳಿಗೆ ಕಡಿಮೆ ಇಲ್ಲದ ಜೈಲು, ಇಲ್ಲವೇ ಒಂದೂವರೆ ಲಕ್ಷದಿಂದ 5 ಲಕ್ಷ ದಿರ್ಹಮ್, ಅಥವಾ ಎರಡೂ. ಮೈದಾನದ, ದೀಪಗಳ, ನಿಮ್ಮದೇ ಸೆಲ್ಫಿ ತೆಗೆಯಿರಿ, ಯಾರೂ ಏನೂ ಅನ್ನೋದಿಲ್ಲ. ಆದರೆ ಎದುರು ಸಾಲಿನಲ್ಲಿ ಅಳುತ್ತಿರುವ ಅಭಿಮಾನಿಯನ್ನೋ, ಯಾರದೋ ಮನೆಯ ಹೆಂಗಸರನ್ನೋ ಜೂಮ್ ಮಾಡಿ, ಹಾಡು ಸೇರಿಸಿ ರೀಲ್ ಹಾಕುವುದು ಅಪರಾಧ. ಪೊಲೀಸರು, ಸೇನೆಗೆ ಸೇರಿದ ಜಾಗ, ಅರಮನೆ ಕಡೆಗೂ ಕ್ಯಾಮೆರಾ ತಿರುಗಿಸಬೇಡಿ.

ಓಡಾಟದ ಬಗ್ಗೆ ಚಿಕ್ಕದಾಗಿ: ಮೆಟ್ರೋದಲ್ಲಿ ತಿನ್ನುವುದು, ಕುಡಿಯುವುದು, ಚ್ಯೂಯಿಂಗ್ ಗಮ್ ಎಲ್ಲದಕ್ಕೂ 100 ದಿರ್ಹಮ್. ಗುಲಾಬಿ ಗೆರೆಯಾಚೆ ಹೆಂಗಸರು, ಮಕ್ಕಳ ಜಾಗ. ಗಂಡಸರು ನಿಂತರೆ ಅದಕ್ಕೂ 100.

ರಸ್ತೆ ದಾಟುವುದು ಮಾತ್ರ ಚಿಕ್ಕ ವಿಷಯ ಅಲ್ಲ. ಸ್ಟೇಡಿಯಂ ಇರುವುದು ದುಬೈ ಸ್ಪೋರ್ಟ್ಸ್ ಸಿಟಿಯಲ್ಲಿ, ಸುತ್ತ ದೊಡ್ಡ ದೊಡ್ಡ ಹೆದ್ದಾರಿಗಳು. ಪಂದ್ಯ ಮುಗಿದಾಗ ಸಾವಿರಾರು ಜನ ಒಟ್ಟಿಗೆ ಹೊರಗೆ ಬರುತ್ತಾರೆ, ಟ್ಯಾಕ್ಸಿ ಸಿಗೋದಿಲ್ಲ. ಆಚೆ ಬದಿಯಲ್ಲಿ ಖಾಲಿ ಟ್ಯಾಕ್ಸಿ ಕಂಡರೆ ಓಡಿ ದಾಟಬೇಕು ಅನಿಸುತ್ತದೆ. ಸಿಕ್ಕಲ್ಲಿ ದಾಟಿದರೆ 400 ದಿರ್ಹಮ್. ಈ ವರ್ಷ ಮಾರ್ಚ್ 29ರಿಂದ ಬಂದ ಹೊಸ ಸಂಚಾರ ಕಾನೂನಿನಲ್ಲಿ, ಗಂಟೆಗೆ 80 ಕಿಲೋಮೀಟರ್ ಅಥವಾ ಅದಕ್ಕಿಂತ ಜಾಸ್ತಿ ವೇಗದ ಮಿತಿ ಇರುವ ರಸ್ತೆಯನ್ನು ಹಾಗೆ ದಾಟಿ ಅಪಘಾತವಾದರೆ ಮೂರು ತಿಂಗಳಿಗೆ ಕಡಿಮೆ ಇಲ್ಲದ ಜೈಲು, ಇಲ್ಲವೇ 10,000 ದಿರ್ಹಮ್‌ಗೆ ಕಡಿಮೆ ಇಲ್ಲದ ದಂಡ, ಅಥವಾ ಎರಡೂ. ದಂಡದ ಮಾತು ಬಿಡಿ, ಆ ರಸ್ತೆಗಳಲ್ಲಿ ಜೀವವೇ ಹೋಗುತ್ತದೆ. ಅಪ್ಪನನ್ನು ಕೂರಿಸಿ, ಅರ್ಧ ಗಂಟೆ ಕಾಯಿರಿ.

ಏನಾದರೂ ಆದರೆ ಪೊಲೀಸ್ 999, ಆಂಬುಲೆನ್ಸ್ 998. ಭಾರತೀಯರ ಸಹಾಯಕ್ಕೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, ಟೋಲ್ ಫ್ರೀ ನಂಬರ್ 800 46342. ಕಾಗದದಲ್ಲಿ ಬರೆದು ಅಪ್ಪನ ಜೇಬಿನಲ್ಲಿ ಇಡಿ, ಫೋನ್ ಚಾರ್ಜ್ ಮುಗಿದಾಗ ಬೇಕಾಗುತ್ತದೆ.

---

ಪುತ್ತೂರಿನ ಮಗ · ಸೆಪ್ಟೆಂಬರ್ 10

ಅಪ್ಪನ ಮಾತ್ರೆಗೆ ಅನುಮತಿ ಬಂತು! ಪ್ರಿಂಟ್ ಎರಡು ತೆಗೆದಿದ್ದೇನೆ. ಅಮ್ಮನ ಮಸಾಲೆಯಲ್ಲಿ ಗಸಗಸೆ ಇತ್ತು. ಅದೂ ಮನೆಯಲ್ಲೇ. ಎಲೆ ಅಡಿಕೆ ಬಿಡೋಕೆ ಅಪ್ಪ ಸುಲಭವಾಗಿ ಒಪ್ಪಲಿಲ್ಲ. "ನಾನು ಯಾರಿಗೆ ಏನು ಮಾಡ್ತೇನೆ" ಅಂತ ಬೇಸರ ಮಾಡಿಕೊಂಡರು. ಈ ಚರ್ಚೆಯನ್ನು ಓದಿ ಹೇಳಿದೆ. ಶಾರ್ಜಾದ ಕುರ್ಚಿಗಳ ಕತೆ ಕೇಳಿದ ಮೇಲೆ ಸುಮ್ಮನೆ ಎದ್ದು ಹೋಗಿ ಸಂಚಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದರು.

---

ಪುತ್ತೂರಿನ ಮಗ · ಸೆಪ್ಟೆಂಬರ್ 17

ನಿನ್ನೆ ರಾತ್ರಿ ಮನೆ ತಲುಪಿದೆವು. ನಿಮಗೆಲ್ಲ ವರದಿ ಒಪ್ಪಿಸಬೇಕು.

ಕಸ್ಟಮ್ಸ್‌ನಲ್ಲಿ ಅಪ್ಪನ ಬ್ಯಾಗ್ ತೆರೆಸಿದರು. ಅಧಿಕಾರಿ ಮಾತ್ರೆ ಪಟ್ಟಿ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಆ ಹೊತ್ತಿಗೆ ನನ್ನ ಕೈ ಬೆವರಿತ್ತು. ಅನುಮತಿ ಪತ್ರ ಕೊಟ್ಟೆ. ಪಾಸ್‌ಪೋರ್ಟ್ ಹೆಸರಿನ ಜೊತೆ ಹೋಲಿಸಿ ನೋಡಿ, ಬ್ಯಾಗ್ ಜಿಪ್ ಅವರೇ ಎಳೆದು ಕೊಟ್ಟರು. ಒಂದು ನಿಮಿಷವೂ ಆಗಲಿಲ್ಲ. ಔಷಧಿ ಅಂಗಡಿಯವರೇ, ಆ ಒಂದು ನಿಮಿಷಕ್ಕೆ ನಿಮಗೆ ನಾನು ಜನ್ಮಪೂರ್ತಿ ಋಣಿ.

ಸ್ಟೇಡಿಯಂ ಗೇಟಿಗೆ ನಾಲ್ಕೂಕಾಲಿಗೇ ಹೋದೆವು. ನಮ್ಮ ಮುಂದಿದ್ದವರ ಸೆಲ್ಫಿ ಸ್ಟಿಕ್, ಛತ್ರಿ ಎರಡೂ ಹೊರಗೇ ಉಳಿದವು. ನಮ್ಮ ಹತ್ತಿರ ಏನೂ ಇರಲಿಲ್ಲ, ಸಲೀಸಾಗಿ ಒಳಗೆ ಹೋದೆವು. ಮೆಟ್ಟಿಲು ಹತ್ತಿ ಆ ಹಸಿರು ಮೈದಾನ ಕಂಡಾಗ ಅಪ್ಪ ಐದು ನಿಮಿಷ ಮಾತಾಡಲಿಲ್ಲ.

ಒಂದು ವಿಷಯ ಹೇಳಲೇಬೇಕು. ಪಾಕಿಸ್ತಾನ 127ಕ್ಕೆ ನಿಂತ ಮೇಲೆ ನಾನು ಅಪ್ಪನ ಫೋಟೋ ತೆಗೆಯುತ್ತಿದ್ದೆ. ಮುಂದಿನ ಸಾಲಿನಲ್ಲಿ ಹಸಿರು ಜರ್ಸಿಯ ಒಂದು ಕುಟುಂಬ. ಆ ಮನೆಯ ಯಜಮಾನರು ತಿರುಗಿ ನೋಡಿದರು, ಮುಖ ಗಂಭೀರ. ಅವರ ಹೆಂಡತಿ, ಮಗಳು ನನ್ನ ಫ್ರೇಮಿನೊಳಗೆ ಬಂದಿದ್ದರು. ಕರಾಮ ವಾಸಿಯವರ ಮಾತು ತಲೆಯಲ್ಲೇ ಇತ್ತು. ಕೂಡಲೇ ಫೋನ್ ಅವರ ಎದುರೇ ಹಿಡಿದು ಆ ಫೋಟೋ ಅಳಿಸಿದೆ, ಡಿಲೀಟ್ ಆದವುಗಳ ಫೋಲ್ಡರಿನಿಂದಲೂ ತೆಗೆದೆ. ಅವರು ತಲೆಯಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು, ಕೈ ಸನ್ನೆಯಲ್ಲೇ ಫೋನ್ ಕೇಳಿ, ಮೈದಾನ ಹಿಂದೆ ಕಾಣುವ ಹಾಗೆ ನಮ್ಮಿಬ್ಬರ ಫೋಟೋ ತೆಗೆದುಕೊಟ್ಟರು. ಅದೇ ಈಗ ಮನೆಯಲ್ಲಿ ಫ್ರೇಮ್ ಆಗುತ್ತಿದೆ.

ಸೂರ್ಯಕುಮಾರ್ ಸಿಕ್ಸರ್ ಹೊಡೆದು ಮುಗಿಸಿದಾಗ ಅಪ್ಪ ತುಳುವಿನಲ್ಲಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಟ್ಯಾಕ್ಸಿಗೆ ಒಂದು ಗಂಟೆ ಹತ್ತು ನಿಮಿಷ ಕಾದೆವು. ರಸ್ತೆ ದಾಟಲಿಲ್ಲ.

---

ಗ್ಯಾಲರಿ ಮೂಲೆ · ಸೆಪ್ಟೆಂಬರ್ 17

ಓದಿ ಕಣ್ಣು ತುಂಬಿತು. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

---

ಬಂಟ್ವಾಳದ ದಂಪತಿ · ಸೆಪ್ಟೆಂಬರ್ 18

ನಾವು 21ರ ಪಂದ್ಯಕ್ಕೆ ಹೋಗುತ್ತಿದ್ದೇವೆ. ಎರಡು ವರ್ಷದ ಮಗು ಇದೆ. ಹಾಲಿನ ಬಾಟಲಿ ಗಾಜಿನದ್ದು. ಒಳಗೆ ಬಿಡುತ್ತಾರಾ? ಕೆಮ್ಮಿಗೆ ಒಂದು ಸಿರಪ್ ಕೂಡ ಇಟ್ಟುಕೊಂಡಿದ್ದೇವೆ.

---

ಔಷಧಿ ಅಂಗಡಿ · ಸೆಪ್ಟೆಂಬರ್ 18

ಗಾಜು ಬೇಡ, ಪ್ಲಾಸ್ಟಿಕ್ ಅಥವಾ ಸ್ಟೀಲ್ ಬಾಟಲಿ ತಗೊಳ್ಳಿ. ಅದನ್ನೂ ಗೇಟಿನಲ್ಲಿ ಮಗುವಿಗೆ ಅಂತ ಮೊದಲೇ ತೋರಿಸಿ. ಸಿರಪ್‌ನ ಲೇಬಲ್ ಕಾಣುವ ಹಾಗೆ ಒಂದು ಫೋಟೋ ಇಲ್ಲಿ ಹಾಕಿ, ಅದರಲ್ಲಿ ಏನಿದೆ ಅಂತ ನೋಡಿ ಹೇಳುತ್ತೇನೆ. ಇವತ್ತು ರಾತ್ರಿ ಹತ್ತರವರೆಗೂ ಎಚ್ಚರ ಇರುತ್ತೇನೆ.